ಪುಟಕ್ಕೆ ಹದಿನೆಂಟು ರೂಪಾಯಿ

ಗಂಧದ ಕೋಠಿಯ ಎದುರು, ಬೇಕರಿಯ ಮಹಡಿಯಲ್ಲಿ
ನನ್ನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ,
ಆಲೂಗೆಡ್ಡೆ ಮಂಡಿಯ ಬಿಲ್ ಬುಕ್ಕು,
ಏನು ಕೊಟ್ಟರೂ ಕುಟ್ಟುತ್ತೇನೆ, ಓದುವುದಿಲ್ಲ.
ಓದಿದರೆ ಕೈ ನಿಧಾನ.

ಆಕೆ ಬಂದದ್ದು ಕರೆಂಟು ಹೋದ ಮಧ್ಯಾಹ್ನ.
ತರಕಾರಿ ಚೀಲದಲ್ಲಿ ಮೂರು ಲಾಂಗ್ ಬುಕ್ಕು.
‘ಪುಟಕ್ಕೆ ಎಷ್ಟು?’ ಅಂದ ದನಿ
ಸೀಮೆಸುಣ್ಣ ಮುರಿದ ಹಾಗೆ.
ಹದಿನೆಂಟು ಅಂದೆ. ನಕ್ಕರು.
ಆ ನಗು ನನಗೆ ಗೊತ್ತಿತ್ತು:
ಕ್ಯಾಸೆಟ್ಟಿನ ಬಿ ಸೈಡು, ಡ್ರಮ್ಮು ತಟ್ಟನೆ ನಿಂತಾಗ,
ಎರಡನೇ ಚರಣಕ್ಕೆ ಒಂದು ಚಿಟಿಕೆ ಮುಂಚೆ.

ತೊಂಬತ್ತೊಂಬತ್ತನೇ ಇಸವಿ. ಹಾಸ್ಟೆಲ್ಲಿನ ನನ್ನ ಗೋಡೆಯಲ್ಲಿ
ಬೆಳ್ಳಿ ಬೂಟು, ಕೆಂಪು ಬಳಿದ ಕೂದಲು: ದಿಯಾ.
‘ಇದು ಪಾಪೋ, ಪಾಪವೋ’ ಎಂದು ವಾರ್ಡನ್ನು ಹರಿದರು.
ಗೋಂದು ಹಚ್ಚಿ ಮತ್ತೆ ಅಂಟಿಸಿದೆ.
ಒಂದು ಕಿವಿ ಸಿಗಲೇ ಇಲ್ಲ.

ಸಾಲಗಾಮೆ ರಸ್ತೆಯಲ್ಲಿ ಆ ದೊಡ್ಡ ಬಿಳಿ ತಟ್ಟೆಗಳಿವೆಯಲ್ಲ,
ಉಪಗ್ರಹದ ಜೊತೆ ಮಾತಾಡುವವು,
ಅಲ್ಲಿಯ ಕ್ಯಾಂಟೀನಿನಲ್ಲಿ ಸ್ಟೀಲಿನ ತಟ್ಟೆ ತೊಳೆಯುತ್ತಿದ್ದವರು ಆಕೆಯ ಅಪ್ಪ.
ಮಗಳ ಹಾಡು ಟಿ.ವಿ.ಯಲ್ಲಿ ಬಂದ ದಿನ
ಒದ್ದೆ ಕೈಯಲ್ಲೇ ಹೊರಗೆ ಬಂದು ಮೇಲೆ ನೋಡಿದರಂತೆ:
‘ಇಲ್ಲಿಂದ ಹೋಗಿ ಇಲ್ಲಿಗೇ ಬಂತಾ?’
ಇದು ಮೊದಲ ಬುಕ್ಕಿನ ನಲವತ್ತನೇ ಪುಟ.
ಅಷ್ಟರಲ್ಲಿ ನಾನು ಓದುವ ತಪ್ಪು ಮಾಡಿಯಾಗಿತ್ತು.

ಎರಡನೆಯದು ಸ್ಟುಡಿಯೋ. ಗಾಜಿನಾಚೆ ಕೂತ ಹುಡುಗ
ಹಾಡಿದ್ದನ್ನೆಲ್ಲ ಇಟ್ಟುಕೊಂಡು
ಉಸಿರೆಳೆದದ್ದನ್ನು ಮಾತ್ರ ಕತ್ತರಿಸುತ್ತಿದ್ದ.
‘ಉಸಿರು ಕೇಳಿಸಿದರೆ ವಯಸ್ಸೂ ಕೇಳಿಸುತ್ತೆ ಮೇಡಂ.’
ಒಂದು ಹಾಡಿಗೆ ಮೂವತ್ತೊಂದು. ಎಣಿಸಿ ಬರೆದಿದ್ದಾರೆ.
ನಾಲ್ಕು ಆಲ್ಬಮ್ಮು, ಎಂಟೆಂಟು ಹಾಡು;
ನಾನು ಕ್ಯಾಲ್ಕುಲೇಟರ್ ಒತ್ತಿದೆ:
ಒಂಬೈನೂರ ತೊಂಬತ್ತೆರಡು.
ಎಲ್ಲಿ ಹೋದವು? ಗುಡಿಸಿ ಎಸೆದರೇ?

ಮೂರನೆಯದರಲ್ಲಿ ಇಂಕು ಹರಡಿದೆ. ಗಂಟಲಲ್ಲಿ ಗಂಟು,
ಎರಡು ಆಪರೇಷನ್ನು, ತುಟಿ ಬಿಚ್ಚದ ಆರು ತಿಂಗಳು,
ಮಕ್ಕಳ ಸ್ಲೇಟೊಂದು ಕೊಂಡದ್ದು.
‘ಉಪ್ಪು ಕಮ್ಮಿ.’ ‘ಫ್ಯಾನು ನಿಲ್ಲಿಸು.’ ‘ನಾನಿಲ್ಲ ಅನ್ನು.’
ಒಂದು ರಾತ್ರಿ, ಯಾರಿಗೂ ಅಲ್ಲದ ಒಂದು ವಾಕ್ಯ.
ಬೆಳಿಗ್ಗೆ ಅಳಿಸಲು ಕೈ ಬರಲಿಲ್ಲ, ಎಂದಿದ್ದಾರೆ.
ಆ ವಾಕ್ಯ ಯಾವುದೆಂದು ಹಿಂದೆ ಮುಂದೆ ಹುಡುಕಿದೆ.
ಎಲ್ಲೂ ಕೊಟ್ಟಿಲ್ಲ.

ಪ್ರೂಫಿನ ದಿನ ಜಗಳ.
ಅಲ್ಪವಿರಾಮ ಅತಿಯಾಗಿತ್ತು, ಅರ್ಧ ತೆಗೆದಿದ್ದೇನೆ, ಅಂದೆ,
ಉಪಕಾರ ಮಾಡಿದವನ ಠೀವಿಯಲ್ಲಿ.
ಆಕೆ ಹಾಳೆ ತಿರುವಿದರು. ತಿರುವಿದರು. ಕೆಂಪು ಪೆನ್ನು ಕೇಳಿದರು.
ಒಂದೊಂದನ್ನೇ ವಾಪಸಿಟ್ಟರು,
ಬಾಯಿ ತುಸು ತೆರೆದು, ಹೆಗಲು ತುಸು ಏರಿ,
ಇಟ್ಟಲ್ಲೆಲ್ಲ ಒಂದು ಸಣ್ಣ ಸದ್ದು.
ಕೆಳಗಿನಿಂದ ಬನ್ನಿನ ಘಮ ಬರುತ್ತಿತ್ತು.
ಫೋನು ಹೊಡೆದುಕೊಂಡಿತು, ನಾನು ಎತ್ತಲಿಲ್ಲ.

ಮುಖಪುಟಕ್ಕೆ ಹೆಸರು?
‘ದ್ಯಾವಮ್ಮ.’ ಶಾಂತಿಗ್ರಾಮದ ಅಜ್ಜಿಯದು,
ಕಂಪನಿಯವರು ಮಡಚಿ ದಿಯಾ ಮಾಡಿದ್ದು.
ದಿಯಾ ಅಂತಿದ್ದರೆ ನಾಲ್ಕು ಪ್ರತಿ ಹೆಚ್ಚು ಹೋಗುತ್ತೆ, ಅಂದೆ.
‘ಗುಡಿಸು ತೆಗೀರಿ. ಯ ಕೆಳಗಿಳಿಸಿ. ಒತ್ತು ಕೊಡಿ.’
ಕೊಟ್ಟೆ. ನನ್ನ ಹಳೇ ಫಾಂಟು ಮುನಿಸಿಕೊಂಡು
ಒತ್ತನ್ನು ಪಕ್ಕಕ್ಕೆ ಉದುರಿಸಿತು, ಮೂರು ಸಲ.
ನಾಲ್ಕನೆಯ ಸಲ ಹತ್ತಿತು.
ಇನ್ನೂರ ನಲವತ್ತು ಪುಟ. ರಿಯಾಯಿತಿ ಅಂದರೆ ಬೇಡ ಅಂದರು,
ಚಿಲ್ಲರೆ ಸಮೇತ ಎಣಿಸಿಟ್ಟರು.

ಬಿಡುಗಡೆಗೆ ಇಪ್ಪತ್ತಾರು ಜನ, ಮಿಕ್ಕಿದ್ದು ಕುರ್ಚಿ.
ಯಾರೋ ಕೂಗಿದರು: ‘ಒಂದು ಸಾಲು ಹಾಡಿ ಮೇಡಂ, ಆ ಹಳೇದು!’
ಆಕೆ ಕನ್ನಡಕ ಏರಿಸಿ ನಲವತ್ತನೇ ಪುಟ ತೆಗೆದರು.
‘ಒದ್ದೆ ಕೈಯಲ್ಲೇ,’
ಇಲ್ಲಿ ಮೈಕು ಆ ಉಸಿರನ್ನು ಹಿಡಿದು
ಹಾಲಿನ ತುಂಬ ಹಾಸಿತು.
ಮೈಕಿನ ಹುಡುಗ ಗಾಬರಿಯಾಗಿ ಗುಂಡಿಗೆ ಕೈ ಹಾಕಿದ.
ಇರಲಿ ಬಿಡಪ್ಪ, ಅಂದೆ.