ಮೊಟ್ಟೆ ನಂಬರು ಹನ್ನೊಂದು

ಯೆಲ್ಶೊವ್ಕಾದ ಬಾಗಿಲುಗಳೆಲ್ಲ ನನ್ನ ಬೆರಳ ಗೆಣ್ಣಿಗೆ ಬಾಯಿಪಾಠ.
ಮೂವತ್ತೆಂಟು ವರ್ಷ ಸೈಕಲ್ ತುಳಿದು
ಟಪಾಲು ಹಂಚಿದವಳು ನಾನು, ಝೆಲ್ಮೀರಾ.
ಯಾರ ನಾಯಿ ಕಚ್ಚುತ್ತದೆ, ಯಾರದು ಬರೀ ಬೊಗಳುತ್ತದೆ, ಬಲ್ಲೆ.
ಯಾರ ಲಕೋಟೆಯನ್ನೂ ಬೆಳಕಿಗೆ ಹಿಡಿದವಳಲ್ಲ.

ಈ ಮಾರ್ಚ್‌ನಲ್ಲಿ ಅದೇ ಬಾಗಿಲುಗಳಿಗೆ
ಕೊಡಲಿಕ್ಕಲ್ಲ, ಕೇಳಲಿಕ್ಕೆ ಹೋದೆ.
ಎರಡು ಮೊಟ್ಟೆ. ನಿಮ್ಮ ಕೋಳಿಯದೇ ಆಗಬೇಕು.
ಅಂಗಡಿಯದು ಬೇಡ.

ಪರೀಕ್ಷೆಯ ಹುಡುಗಿ ಹೇಳಿಕೊಟ್ಟಿದ್ದಳು:
ಸೋಪಿನ ಕೈ ತಾಗಕೂಡದು, ತೊಳೆಯಕೂಡದು,
ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ನಂಬರು ಬರೆ,
ಹೆಸರು ಬರೆಯಬೇಡ.
ಕೋಳಿ ದಿನವಿಡೀ ಮಣ್ಣು ಕೆದಕುತ್ತದಲ್ಲ ಅಜ್ಜಿ,
ನೆಲ ನುಂಗಿಕೊಂಡು ಕೂತದ್ದನ್ನು
ಹಳದಿಯಲ್ಲಿ ಕಕ್ಕಿಬಿಡುತ್ತದೆ.

ಹೆದ್ವಿಗಾ ಎರಡು ಕೇಳಿದರೆ ಆರು ಕೊಟ್ಟಳು.
"ಎರಡು ಪರೀಕ್ಷೆಗೆ, ನಾಲ್ಕು ನಿನಗೆ, ಸೊರಗಿದ್ದೀಯ."
ಓಂದ್ರೆಯ್ ಗೇಟು ತೆಗೆಯಲಿಲ್ಲ.
"ಈಸ್ಟರ್ ಹತ್ತಿರ ಬಂತು, ಮಾರಬೇಕು.
ಊರಿನ ಹೆಸರು ಕೆಡಿಸಬೇಡ."
ಪರದೆ ಸರಿಸಿ ನೋಡಿದ ಮುದುಕ ವಾವ್ರಿನೆಟ್ಸ್,
ಗಾಜಿನ ಆಚೆಯಿಂದಲೇ ಗದರಿದ:
"ನಿನ್ನ ಗಂಡನೂ ಆ ಕಾರ್ಖಾನೆಯ ರೊಟ್ಟಿ ತಿಂದವನೇ!"

ತಿಂದ. ನಾನೂ ತಿಂದೆ.
ಅವನ ಎಣ್ಣೆ ಅಂಗಿ ತೊಳೆದ ನೀರನ್ನು
ಟೊಮ್ಯಾಟೊ ಗಿಡದ ಬುಡಕ್ಕೆ ಸುರಿದವಳು ನಾನೇ.
ಆ ವರ್ಷ ಹಣ್ಣು ಎಷ್ಟು ಕೆಂಪಗಿದ್ದವು!

ಏಳು ವಾರಕ್ಕೆ ಬಂತು ದಪ್ಪ ಲಕೋಟೆ.
ಊರಿನ ಕಾಗದವನ್ನು ಮೊದಲ ಸಲ ನಾನೇ ಒಡೆದೆ.
ಮೂರು, ಮಿತಿಯ ಒಳಗೆ.
ಐದು, ಎರಡು ಪಟ್ಟು. ಒಂಬತ್ತು, ಆರು ಪಟ್ಟು.
ಹನ್ನೊಂದು, ಹದಿನೇಳು ಪಟ್ಟು.
ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.
ಹನ್ನೊಂದು ನನ್ನದು.

ಒಂದು ಕಿಲೋ ಹಿಟ್ಟಿಗೆ ಎಂಟು ಹಳದಿ ಕಲಸಿ
ಭಾನುವಾರ ಭಾನುವಾರ ಶಾವಿಗೆ ಹೊಸೆದು
ಮೇಲೆ ಗಸಗಸೆ ಸಕ್ಕರೆ ಉದುರಿಸಿ
ಮೊಮ್ಮಗಳು ಬ್ರೋನ್ಕಾಳ ತಟ್ಟೆಗೆ ಬಡಿಸಿದ ಕೈ ಇದು.
ಇನ್ನೊಂದು ತುತ್ತು, ಇನ್ನೊಂದೇ ತುತ್ತು, ಎಂದ
ಬಾಯಿ ಇದು.

ಪಂಚಾಯ್ತಿಯ ಕೋಣೆಯಲ್ಲಿ ಮೇಯರು ಗಡಿಯಾರ ನೋಡುತ್ತಿದ್ದ.
ಕಾಲುವೆಯ ಹೂಳು ಮುಂದಿನ ಬಜೆಟ್ಟಿನಲ್ಲಿ ಎತ್ತುತ್ತೇವೆ ಎಂದ.
ಅದೇ ಮಾತು ಹೋದ ಬಜೆಟ್ಟಿನಲ್ಲೂ ಕೇಳಿದ್ದೆವು.
ನಾನು ಎದ್ದು ನಂಬರುಗಳನ್ನಷ್ಟೇ ಓದಿದೆ,
ಟಪಾಲು ಕೂಗುವ ದನಿಯಲ್ಲಿ.
ಕೊನೆಗೆ, "ಹನ್ನೊಂದು ನಾನು" ಎಂದೆ.

ಯಾರೂ ಕದಲಲಿಲ್ಲ.
ಎಲ್ಲರ ಕಣ್ಣೂ ಅವರವರ ಬೂಟಿನ ಮೇಲೆ.
ಹೆದ್ವಿಗಾ ಮಾತ್ರ ಗೊಣಗಿದಳು, "ಒಂಬತ್ತು ನಾನಿರಬೇಕು,
ಅಯ್ಯೋ, ನಿನಗೆ ನಾಲ್ಕು ಬೇರೆ ಕೊಟ್ಟೆನಲ್ಲೇ."
ಒಂದಿಬ್ಬರು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ
ಹಿಂದಿನ ಬೆಂಚಿನಲ್ಲಿ ಕುರ್ಚಿ ಕಿರುಗುಟ್ಟಿತು.

ವಾವ್ರಿನೆಟ್ಸ್.
"ನಾನು ಮೊಟ್ಟೆ ಕೊಟ್ಟಿಲ್ಲ," ಅಂದ.
ಟೋಪಿಯನ್ನು ಸ್ಟೀರಿಂಗಿನಂತೆ ತಿರುಗಿಸುತ್ತ ನಿಂತಿದ್ದ.
"ರಾತ್ರಿ ಪಾಳಿ. ಟ್ಯಾಂಕರು. ಲೈಟು ಆರಿಸಿಕೊಂಡು ಹೋಗಿ ಅಂತಿದ್ದರು.
ಕಾಲುವೆಗೆ ಸ್ವಲ್ಪ. ಉಳಿದದ್ದೆಲ್ಲ ಜಲ್ಲಿ ಗುಂಡಿಗೆ,
ಈಗ ಫುಟ್‌ಬಾಲ್ ಮೈದಾನ ಇದೆಯಲ್ಲ, ಅಲ್ಲಿ.
ಪೆನ್ನು ಕೊಡಿ, ತೋರಿಸುತ್ತೇನೆ."

ಹಳೆಯ ರಶೀದಿಯ ಬೆನ್ನ ಮೇಲೆ
ನಡುಗುವ ಗೆರೆಯಲ್ಲಿ ಒಂದು ನಕ್ಷೆ.
ಈಗ ನಾವು ಒಂಬತ್ತು ಜನ. ಓಂದ್ರೆಯ್ ಇನ್ನೂ ಮಾತಾಡುವುದಿಲ್ಲ.
ರಾಜಧಾನಿಗೆ ರಿಜಿಸ್ಟರ್ಡ್ ಅಂಚೆ ಹೋಗಿದೆ,
ಅಂಚೆ ತಡವಾಗುವುದು ನನಗೇನು ಹೊಸತಲ್ಲ.

ಕೋಳಿಗಳಿಗೆ ಮಾತ್ರ ಇದಾವುದೂ ತಿಳಿಯದು.
ಬೆಳಗಾದರೆ ಬೆಚ್ಚನೆಯ ಮೂರು, ಹುಲ್ಲಿನ ಮೇಲೆ.
ನಾಯಿಗೆ ಹಾಕಲಾರೆ. ಮಣ್ಣಿನಲ್ಲಿ ಹೂಳಲಾರೆ,
ಕಾಲುವೆಗೆ ಎಸೆಯಲಾರೆ.
ಟ್ಯಾಂಕರುಗಟ್ಟಲೆ ಸುರಿದವರಿಗೆ ಸಿಕ್ಕ ಜಾಗ
ಒಂದು ಮೊಟ್ಟೆಗೆ ಸಿಗುತ್ತಿಲ್ಲ ನನಗೆ.

ಫ್ರೀಜರಿನಲ್ಲಿಡುತ್ತೇನೆ. ತಾರೀಕು ಬರೆದು,
ಹಾಳೆ ಸುತ್ತಿ.
ಕೆಳಗಿನ ಖಾನೆ ತುಂಬಿತು.