ಸಣ್ಣ ಎಳೆತ

ಮುಹರಖ್‌ನ ಹಳೆ ಪೇಟೆಯ ಬೆನ್ನಿಗೆ ನನ್ನ ಇಸ್ತ್ರಿ ಅಂಗಡಿ.
ಇಪ್ಪತ್ತೊಂದು ವರ್ಷ. ಅಂಗಿ ನೋಡಿ ಆಳು ಹೇಳುತ್ತೇನೆಂದು
ಜಂಬ ಕೊಚ್ಚುತ್ತಿದ್ದೆ.

ವಲೇರಿಯನ್ ವಾರಕ್ಕೆ ಆರು ಅಂಗಿ ಕೊಡುತ್ತಿದ್ದ.
ಆಮೇಲೆ ಮೂರು.
ಆಮೇಲೆ ಒಂದು, ಅದೂ ಕಾಲರಿನ ಕೊಳೆ ಹೋಗದ್ದು.
ದುಡ್ಡು ಉಳಿಸುತ್ತಿದ್ದಾನೆ ಎಂದೆ.
ತಂಗಿಯ ಮದುವೆಗಿರಬೇಕು ಎಂದರು ರೂಮಿನವರು.

ಶುಕ್ರವಾರ ಮಧ್ಯಾಹ್ನ ದಾಟಿದರೂ
ಹೊದ್ದು ಮಲಗಿದವನನ್ನು ತೋರಿಸಿ ಇದಿನಬ್ಬಾಕ ನಗುತ್ತಿದ್ದರು:
ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.
ಆರು ಮಂಚ, ಆರು ಜನ,
ಊರಿನ ಉಪ್ಪಿನಕಾಯಿಯ ಹಾಗೆ
ಗಾದೆಗಳೂ ನಮ್ಮಲ್ಲಿ ಭರಣಿಗಟ್ಟಲೆ.

ಸತ್ತರೆ ಸಾಕಪ್ಪ, ಎಂದ ಒಮ್ಮೆ, ಕುಬ್ಬೂಸ್ ಹರಿಯುತ್ತಾ,
ಉಪ್ಪು ಕೊಡು ಎಂದಷ್ಟೇ ಸಲೀಸಾಗಿ.
ಬೊಗಳುವ ನಾಯಿ ಕಚ್ಚುವುದಿಲ್ಲ.
ಹಾಗೆಂದವನು ನಾನೇ.
ಅವನಿಗೆ ಕೇಳಲೆಂದೇ ಅಂದೆ. ಅವನೂ ನಕ್ಕ.

ಕೊನೆಗೊಂದು ಬುಧವಾರ ಎಲ್ಲ ಅಂಗಿಗಳನ್ನೂ ಹೊತ್ತು ತಂದ.
ನಾನೇ ಮರೆತಿದ್ದ ಹಳೆ ಬಾಕಿ,
ನಾಲ್ಕು ದಿನಾರ್, ಎಣಿಸಿಟ್ಟ.
ಗಡ್ಡ ತೆಗೆದಿದ್ದ. ಮುಖ ತಿಳಿಯಾಗಿತ್ತು.
ರಾತ್ರಿ ರೂಮಿಗೆ ಹೋಗಿ ಹೇಳಿದೆ: ಹುಡುಗ ಸರಿಹೋದ.

ಊರಿಗೆ ಹಾರ್ಟು ಎಂದು ತಿಳಿಸಿದೆವು.
ಅವನ ಅಂಗಿಗಳು ಇನ್ನೂ ನನ್ನ ಕಪಾಟಿನಲ್ಲಿವೆ,
ಮಡಿಕೆ ಮುರಿಯದೆ.

ಆಮೇಲೆ ರೂಮಿನಲ್ಲಿ ಏನೇನೋ ಮಾತು.
ಹೇಡಿ. ಕೈ ತುಂಬ ಸಂಬಳ, ಏನು ಕೊರತೆ?
ಮನಸ್ಸಿದ್ದರೆ ಮಾರ್ಗ ಇರಲಿಲ್ಲವೇ?
ಆ ಮನಸ್ಸೇ ಕಾಯಿಲೆ ಬಿದ್ದಿತ್ತೆಂದು ಯಾರಿಗೂ ಹೊಳೆಯಲಿಲ್ಲ.
ಮೌನ ಬಂಗಾರ ಎಂದು ಸುಮ್ಮನಾದೆವು;
ಬಂಗಾರಕ್ಕೆಂದೇ ಬಂದವರಲ್ಲವೇ.

ಮುದುಕ ಜಾಸಿಂ ತೋಬು ಇಸ್ತ್ರಿಗೆ ತಂದಾಗಲೆಲ್ಲ
ತನ್ನಜ್ಜನ ಕತೆ ಹೇಳುತ್ತಾನೆ, ಅರ್ಧ ಹಿಂದಿ, ಅರ್ಧ ಕೈಸನ್ನೆ.
ಮುತ್ತಿಗೆಂದು ಮುಳುಗಿದವರನ್ನು
ದೋಣಿಯಿಂದ ಮೇಲೆತ್ತುವುದು ಅಜ್ಜನ ಕೆಲಸ.
ಕೆಳಗಿನವನು ಕೂಗಲಾರ. ಹಗ್ಗ ಒಮ್ಮೆ ಎಳೆಯುತ್ತಾನೆ, ಅಷ್ಟೆ.
ಮೀನು ತಾಗಿರಬಹುದು, ತಮಾಷೆಯಿರಬಹುದು,
ಆ ಲೆಕ್ಕ ಮೇಲಿನವನದ್ದಲ್ಲ.
ಎಳೆದರೆ ಎತ್ತಬೇಕು.
ಎಷ್ಟು ಸಣ್ಣ ಎಳೆತ, ಎಂದು ಕೇಳಿದೆ.
ನನ್ನ ಅಂಗಿಯ ತೋಳು ಹಿಡಿದು ತೋರಿಸಿದ.
ಅಷ್ಟು ಸಣ್ಣದು. ಗೊತ್ತೇ ಆಗಲಿಲ್ಲ.

ಆ ಮಂಚಕ್ಕೀಗ ತಾರಾನಾಥ ಬಂದಿದ್ದಾನೆ.
ಫೋರ್‌ಮನ್‌ನ ನಡಿಗೆ ಅಣಕಿಸಿ ರೂಮನ್ನೇ ನಗಿಸುವವನು.
ನಗಿಸುವವನಿಗೇನು ದುಃಖ, ಎಂದರು ಎಂದಿನಂತೆ.
ಎರಡು ವಾರ ಅವನ ಅಂಗಿ ಬರಲಿಲ್ಲ.
ಹೊಸ ಗಡಿಯಾರವನ್ನು ಇದಿನಬ್ಬಾಕರ ಮಗನಿಗೆ ಕೊಟ್ಟ, ಸುಮ್ಮನೆ.

ರಾತ್ರಿ ಹಾವಿನ ಹೆಸರೆತ್ತಬಾರದು, ಬಳ್ಳಿ ಅನ್ನಬೇಕು,
ಹೆಸರಿಡಿದರೆ ಬಂದುಬಿಡುತ್ತದೆ ಎನ್ನುತ್ತಿದ್ದಳು ಅಜ್ಜಿ.
ನಾಲಗೆ ಒಣಗಿತ್ತು ನನಗೆ.
ಕೇಳಿದರೆ, ಇಲ್ಲದ ಯೋಚನೆ ನಾನೇ ಬಿತ್ತಿದಂತಾದರೆ?
ಆದರೂ ಹಾವನ್ನು ಹಾವೆಂದೆ:
ತಾರಾನಾಥ, ಸಾಯಬೇಕು ಅನಿಸುತ್ತಿದೆಯಾ?

ಅವನು ಬೆಚ್ಚಲಿಲ್ಲ.
ಎ.ಸಿ. ಸ್ವಲ್ಪ ಕಡಿಮೆ ಮಾಡು, ಕೇಳಿಸುವುದಿಲ್ಲ, ಎಂದ.
ಮತ್ತೆ ಮಾತಾಡಿದ, ಬೆಳಗಿನ ಬಾಂಗಿನವರೆಗೆ.
ಹಾವು ಮೊದಲೇ ಬಂದು ಕೂತಿತ್ತು.
ಅವನೊಬ್ಬನೇ ಅದನ್ನು ಕಾಯುತ್ತಿದ್ದ.

ಹುಚ್ಚೆಂದು ಬರೆದರೆ ವೀಸಾ ಹೋಗುತ್ತದೆಂದು
ಯಾರೋ ಹೆದರಿಸಿದರು.
ಆದರೂ ಹೋದೆವು, ಅಂಗಡಿಗೆ ಬೀಗ ಹಾಕಿ, ಮೂವರೂ.
ಡಾಕ್ಟರಮ್ಮ ವೀಸಾ ಕೇಳಲಿಲ್ಲ, ನಿದ್ದೆ ಕೇಳಿದರು,
ಊಟ ಕೇಳಿದರು, ಆಮೇಲೆ ನಾನು ಕೇಳಿದ್ದನ್ನೇ ಕೇಳಿದರು.
ಗುಳಿಗೆ ಹಿಡಿಯಲು ಕೆಲವು ವಾರ ಬೇಕಂತೆ.

ಗುಣವಾಯಿತು ಎಂದು ಹೇಳಲಾರೆ.
ಈಗಲೂ ಕೆಲವು ವಾರ ಅವನ ಅಂಗಿ ಬರುವುದಿಲ್ಲ.
ನಾನೇ ಮೆಟ್ಟಿಲು ಹತ್ತಿ ಹೋಗಿ ಕೇಳುತ್ತೇನೆ,
ಅಂಗಿಯನ್ನೂ, ಅದನ್ನೂ.
ಬೈಯುತ್ತಾನೆ. ಬೈಯಲಿ.

ನಿನ್ನೆ ನೀಲಿ ಅಂಗಿಯ ಜೇಬಿನಲ್ಲಿ ಗುಳಿಗೆಯ ಹಾಳೆ ಸಿಕ್ಕಿತು.
ಬಿಸಿ ತಾಗದಂತೆ ಪಕ್ಕಕ್ಕಿಟ್ಟೆ.
ಬೆಳಕಿಗೆ ಹಿಡಿದು ನೋಡಿದೆ:
ನಿನ್ನೆಯದು ನುಂಗಿದ್ದಾನೆ.