ಒಂದೇ ಕಾರಿನ ದಾರಿ

ಕ್ಲೊಡೆಟ್ ಪ್ಲೂರ್ಡ್ ಆ ಪಕ್ಷ, ನಾನು ಈ ಪಕ್ಷ.
ಊರು ಮಾತ್ರ ಒಂದೇ: ಮೇನ್ ರಾಜ್ಯದ ನೆತ್ತಿ,
ಹೊಳೆ ದಾಟಿದರೆ ಕೆನಡಾ.
ರಾಜಧಾನಿ ಆಗಸ್ಟಾಕ್ಕೆ ಐದು ತಾಸು, ಹಿಮ ಬಿದ್ದರೆ ಏಳು.
ಪೆಟ್ರೋಲೇನು ನಮ್ಮಪ್ಪನ ಮನೆಯದೇ ಅಂತ
ಎಂಟು ಚಳಿಗಾಲ ಒಂದೇ ಕಾರಿನಲ್ಲಿ ಹೋಗಿ ಬಂದೆವು.

ಸದನದ ಗೋಡೆಯಲ್ಲಿ
ಅವಳ ಹೆಸರಿಗೆ ಹಸಿರು ದೀಪ ಹೊತ್ತಿದರೆ ನನ್ನದಕ್ಕೆ ಕೆಂಪು,
ಅವಳದು ಕೆಂಪಾದರೆ ನನ್ನದು ಹಸಿರು.
ನೋಡಿದವರು ಅಂದುಕೊಂಡಾರು
ಇವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು.
ಸುಳ್ಳಲ್ಲ ಅದು. ಕಾರಿನಲ್ಲಿ ಇಬ್ಬರೂ
ರಸ್ತೆಯನ್ನೇ ನೋಡುತ್ತಿದ್ದೆವು,
ಕತ್ತಲಲ್ಲಿ ಕುದುರೆಗಿಂತ ಎತ್ತರದ ಮೂಸ್ ಅಡ್ಡ ಬಂದೀತೆಂದು.

ಬೈಗುಳ ಬ್ಯಾಂಗರ್ ಊರು ದಾಟುವವರೆಗೆ.
ಆಮೇಲೆ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೆ ಕಾಫಿ ಸುರಿದು
ಉಳಿದದ್ದನ್ನು ಬಾಯಿಗೇ ಎತ್ತಿ
ಅಜ್ಜಿಯ ಫ್ರೆಂಚಿನಲ್ಲಿ ಏನೋ ಗೊಣಗುತ್ತಿದ್ದಳು.
ಶಾಲೆಯಲ್ಲಿ ಆ ಮಾತಾಡಿ ಅವಳಪ್ಪ ಅಂಗೈಗೆ ಏಟು ತಿಂದವನು.
ಒಂದು ಮಂಗಳವಾರ ಎದ್ದು ನಿಂತು ಅದೇ ಫ್ರೆಂಚಿನಲ್ಲಿ
ಮೂರು ನಿಮಿಷ ಸದನಕ್ಕೆ ಹೇಳಿದಳು:
ಆಲೂಗಡ್ಡೆ ಲಾರಿ, ಹಳೇ ಸೇತುವೆ, ತಾಳದ ತೂಕ.
ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟ.
ಅಕ್ಷರ ಅಕ್ಷರ ಅರ್ಥವಾದದ್ದು ನನಗೊಬ್ಬನಿಗೆ.
ಅದಕ್ಕೂ ಕೆಂಪನ್ನೇ ಒತ್ತಿದೆ.

ಮಸೂದೆ ಪಾಸಾಯಿತು. ಒಂದೂವರೆ ಪುಟ.
ಅದರೊಳಗೊಂದು ಅಲ್ಪವಿರಾಮ ನನ್ನ ತಿದ್ದುಪಡಿ;
ಆ ಸೇತುವೆಯ ಮೇಲೆ ಹೋಗುವಾಗ ಈಗಲೂ
ಒಂದು ಕ್ಷಣ ನಿಧಾನ ಮಾಡುತ್ತೇನೆ.

ಎಂಟು ವರ್ಷಕ್ಕೆ ಕುರ್ಚಿ ಬಿಡಬೇಕು, ನಮ್ಮಲ್ಲಿ ಕಾನೂನು.
ನಾನು ಎದ್ದು ಮರ ಕೊಯ್ಯುವ ಮಿಲ್ಲಿಗೆ ಮರಳಿದೆ.
ಅವಳು ಎದ್ದು ವಾಷಿಂಗ್ಟನ್ನಿಗೆ ಸ್ಪರ್ಧಿಸಿದಳು.

ನನ್ನ ಅಂಗಳದಲ್ಲಿ ಎದುರಾಳಿಯ ಫಲಕ.
ಗಾಳಿಗೆ ಮಗುಚಿಬಿದ್ದಿತ್ತು. ಮತ ಕೇಳಲು ಬಂದವಳು
ಅದನ್ನೆತ್ತಿ ನಿಲ್ಲಿಸಿ, ಬೂಟಿನಿಂದ ಮಣ್ಣು ತುಳಿದು,
"ಸೋಲಿಸುವುದಾದರೆ ನೆಟ್ಟಗೆ ಸೋಲಿಸು, ಲಿಯಾಂಡರ್" ಅಂದು
ಪಕ್ಕದ ಮನೆಗೆ ಹೋದಳು.

ಗೆದ್ದಳು. ಒಂಬೈನೂರ ನಾಲ್ಕು ಮತ.
ಅದರಲ್ಲಿ ನನ್ನದಿಲ್ಲ.
ಇದೆ ಅನ್ನುತ್ತದೆ ಊರು. ಊರ ಬಾಯಿಗೆ ಬೀಗ ಯಾರು ಮಾಡಿದ್ದಾರೆ?

ಅಲ್ಲಿ ತನ್ನದೆಂಬ ಕುರ್ಚಿಯೂ ಇಲ್ಲವಂತೆ,
ಎಲ್ಲಿ ಖಾಲಿಯೋ ಅಲ್ಲಿ ಕೂರುವುದಂತೆ.
ಗಂಟೆ ಬಡಿದಾಗ ಓಡುವುದು, ಕಾರ್ಡು ತೂರಿಸುವುದು,
ಮಿಕ್ಕ ಹೊತ್ತು ಕಿಟಕಿಯಿಲ್ಲದ ಕೋಣೆಯಲ್ಲಿ
ಕಂಡು ಕೇಳದವರಿಗೆ ಫೋನು ಮಾಡಿ
ಮುಂದಿನ ಚುನಾವಣೆಗೆ ಕಾಸು ಕೇಳುವುದು.
"ಭಿಕ್ಷೆಗಾದರೆ ಎದುರಿಗೊಂದು ಬಾಗಿಲಿರುತ್ತದೆ ಮಾರಾಯ."

ಟೀವಿಯಲ್ಲಿ ನೋಡಿದೆ, ಗುಡುಗಿದೆಯಲ್ಲ, ಅಂದೆ.
"ಕ್ಯಾಮೆರಾ ಆಚೆ ತಿರುಗಿಸಲಿಲ್ಲ ಅವರು.
ಇದ್ದವರು ಮೂರು ಜನ. ಒಬ್ಬ ಗೊರಕೆ."
ಆಮೇಲೆ ತಡೆದು, "ಇಲ್ಲಿ ಜಗಳ ಮುಗಿದ ಮೇಲೆ
ಎಲ್ಲರೂ ಬೇರೆ ಬೇರೆ ವಿಮಾನ ಹತ್ತುತ್ತಾರೆ" ಅಂದಳು.

ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ.
ಹೊರಗೆ ಹಿಮ ಬಾಚುವ ಗಾಡಿ ರಸ್ತೆಯನ್ನು ಕೆರೆಯುತ್ತ ಬಂತು.
"ಅದು ಗ್ಯಾಸ್ಪರ್ಡನದಲ್ಲವಾ?
ಬ್ಲೇಡು ಇನ್ನೂ ಬದಲಿಸಿಲ್ಲ, ಹೇಳು ಅವನಿಗೆ.
ಫೋನು ಕಿಟಕಿಗೆ ಹಿಡಿ."

ಗಾಜು ಸರಿಸಿ ಕೈ ಹೊರಗೆ ಚಾಚಿದೆ.
ಗಾಡಿ ಚರ್ಚಿನ ತಿರುವು ದಾಟಿತು. ಸದ್ದು ಸವೆಯಿತು.
ಬೆರಳು ಮರಗಟ್ಟಿದರೂ ಒಳಗೆಳೆದುಕೊಳ್ಳಲಿಲ್ಲ;
ಅವಳೂ ಸಾಕು ಅನ್ನಲಿಲ್ಲ.

ಬರುವ ನವೆಂಬರಿಗೆ ಮತ್ತೆ ನಿಲ್ಲುತ್ತಾಳಂತೆ.
ಎದುರಾಳಿಯ ಫಲಕ ಆಗಲೇ ತಂದಿಟ್ಟಿದ್ದೇನೆ.
ನೆಲ ಗಟ್ಟಿಯಾಗುವ ಮುಂಚೆ ನೆಡಬೇಕು,
ಈ ಸಲ ಸ್ವಲ್ಪ ಸಡಿಲವಾಗಿ.